ಹಳೇ ಫೋನಿನ ‘ಸುಯ್’ ಸದ್ದು ಎಲ್ಲಿ ಹೋಯಿತು? ಧ್ವನಿಯನ್ನು ಅಂಕಿ ಮಾಡಿದ ಅಲೆಕ್ ರೀವ್ಸ್

ಫೋನು ಡಿಜಿಟಲ್ ಆದಮೇಲೆ ಧ್ವನಿ ಕೆಟ್ಟಿತು, ಈಗ ಕೇಳುವುದು ಮನುಷ್ಯರ ಧ್ವನಿಯೇ ಅಲ್ಲ, ಅದನ್ನು ತುಂಡು ಮಾಡಿ ಮತ್ತೆ ಅಂಟಿಸಿದ ನಕಲು ಎಂಬ ಮಾತು ಫಾರ್ವರ್ಡ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದು ಇನ್ನಷ್ಟು ನಿಜ ಅನ್ನಿಸಬಹುದು. ಅಂಗಳದಲ್ಲಿ ನಿಂತು ಮಾತಾಡುತ್ತಿದ್ದವರು ಜಗಲಿಗೆ ಬಂದರೆ ಸಾಕು, ಆ ಕಡೆಯ ಮಾತು ಕಟ್ ಕಟ್ ಆಗುತ್ತದೆ. ಹಳೇ ಲ್ಯಾಂಡ್‌ಲೈನ್ ಹೀಗೆ ಮಾಡುತ್ತಿರಲಿಲ್ಲ ಎಂದು ಮನೆಯ ಹಿರಿಯರು ಹೇಳಿದರೆ ಅದು ಸುಳ್ಳಲ್ಲ.

ಆದರೆ ಅದೇ ಹಿರಿಯರನ್ನು ಟ್ರಂಕ್ ಕಾಲ್ ಬಗ್ಗೆ ಕೇಳಿ ನೋಡಿ. ಬೆಳಿಗ್ಗೆ ಬುಕ್ ಮಾಡಿ, ಗಂಟೆಗಟ್ಟಲೆ ಕಾದು, ಕೊನೆಗೆ ಲೈನ್ ಸಿಕ್ಕಾಗ ‘ಸುಯ್’ ಎನ್ನುವ ಸದ್ದಿನ ನಡುವೆ ಬೊಂಬಾಯಿಯ ಅಣ್ಣನ ಧ್ವನಿ ಬಾವಿಯ ಒಳಗಿಂದ ಬಂದ ಹಾಗೆ ಕೇಳುತ್ತಿತ್ತು. ಮಾತಾಡುವವರು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಈಗ ಅಮೆರಿಕದಲ್ಲಿರುವ ಮಗಳ ಜೊತೆ ಪಿಸುಗುಟ್ಟಿ ಮಾತಾಡಬಹುದು. ಈ ಎರಡರ ನಡುವೆ ಇರುವುದು ಒಬ್ಬ ಇಂಗ್ಲಿಷ್ ಎಂಜಿನಿಯರ್ 1937ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕೂತು ಮಾಡಿದ ಯೋಚನೆ. ಅವರ ಹೆಸರು ಅಲೆಕ್ ಹಾರ್ಲೆ ರೀವ್ಸ್. ನಿಮ್ಮ ಫೋನಿನಲ್ಲಿ ‘ಆಡಿಯೋ ಕೋಡೆಕ್’ ಎಂಬ ಚಿಪ್ಪು ಇರುವುದಕ್ಕೂ, ಅದನ್ನು ನಡೆಸಲು ‘ಡ್ರೈವರ್’ ಎಂಬ ತಂತ್ರಾಂಶ ಬರೆಯುವ ಜನ ಇರುವುದಕ್ಕೂ ಮೂಲ ಅವರೇ.

ರೀವ್ಸ್ ಹುಟ್ಟಿದ್ದು 1902ರ ಮಾರ್ಚ್ 10ರಂದು, ಇಂಗ್ಲೆಂಡಿನ ರೆಡ್‌ಹಿಲ್ ಎಂಬ ಊರಿನಲ್ಲಿ. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿ 1923ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಎರಡು ವರ್ಷದ ನಂತರ ಆ ಕಂಪನಿ ಐಟಿಟಿ ಎಂಬ ದೊಡ್ಡ ಸಂಸ್ಥೆಯ ಕೈಗೆ ಹೋಯಿತು. ಅಟ್ಲಾಂಟಿಕ್ ಸಮುದ್ರದ ಆಚೆಗೆ ರೇಡಿಯೋ ಮೂಲಕ ಫೋನ್ ಮಾಡುವ ಕೆಲಸ ಆಗ ನಡೆಯುತ್ತಿತ್ತು. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಆ ಸೇವೆ ಶುರುವಾಗಿದ್ದು 1927ರ ಜನವರಿಯಲ್ಲಿ. ದೂರದ ಮಾತಿಗೆ ಸದ್ದು ಹೇಗೆ ಸೇರಿಕೊಳ್ಳುತ್ತದೆ ಎನ್ನುವುದು ಅಂಥ ಕೆಲಸದಲ್ಲಿದ್ದ ರೀವ್ಸ್‌ಗೆ ದಿನನಿತ್ಯದ ತಲೆನೋವಾಗಿತ್ತು. ಮುಂದೆ ಅವರು ಐಟಿಟಿಯ ಪ್ಯಾರಿಸ್ ಪ್ರಯೋಗಾಲಯಕ್ಕೆ ಹೋದರು.

ತಲೆನೋವು ಏನು ಅಂತ ಸ್ವಲ್ಪ ನೋಡೋಣ. ಹಳೆಯ ಫೋನಿನಲ್ಲಿ ನಿಮ್ಮ ಧ್ವನಿ ಏರಿಳಿದ ಹಾಗೇ ತಂತಿಯಲ್ಲಿ ವಿದ್ಯುತ್ತು ಏರಿಳಿಯುತ್ತದೆ. ದೂರ ಹೋದಂತೆ ಅದು ಸೊರಗುತ್ತದೆ. ಸೊರಗಿದ್ದನ್ನು ನಡುನಡುವೆ ಆಂಪ್ಲಿಫೈಯರ್ ಇಟ್ಟು ಎತ್ತಬೇಕು. ಆದರೆ ಆಂಪ್ಲಿಫೈಯರ್‌ಗೆ ನಿಮ್ಮ ಮಾತು ಯಾವುದು, ದಾರಿಯಲ್ಲಿ ಸೇರಿದ ಸದ್ದು ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಎತ್ತುತ್ತದೆ, ಮೇಲೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ಜೆರಾಕ್ಸ್ ಪ್ರತಿಯ ಜೆರಾಕ್ಸ್, ಅದರ ಜೆರಾಕ್ಸ್ ಮಾಡಿಸುತ್ತಾ ಹೋದರೆ ಪಹಣಿ ಕೊನೆಗೆ ಏನಾಗುತ್ತದೋ ಹಾಗೆ. ಈಗ ಇದನ್ನು ಮಲೆನಾಡಿಗೆ ತನ್ನಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕಾಡಿನ ನಡುವಿನ ಕಂಬಗಳು, ನೆನೆದ ಜಾಯಿಂಟುಗಳು, ತಂತಿಗೆ ತಾಗುವ ಕೊಂಬೆ, ಸಿಡಿಲು. ಅಲ್ಲಿಂದ ಹೊರಟ ಮಾತು ದೊಡ್ಡ ಊರು ಮುಟ್ಟುವ ಹೊತ್ತಿಗೆ ಎಷ್ಟು ಸದ್ದು ಹೊತ್ತಿರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಎಲ್ಲ ಎಂಜಿನಿಯರುಗಳೂ ಆಗ ಸದ್ದನ್ನು ಕಡಿಮೆ ಮಾಡುವುದು ಹೇಗೆ ಎಂದು ಯೋಚಿಸುತ್ತಿದ್ದರೆ, ರೀವ್ಸ್ ಬೇರೆಯೇ ಪ್ರಶ್ನೆ ಕೇಳಿಕೊಂಡರು. ಧ್ವನಿಯನ್ನು ಕಳಿಸುವುದೇ ಬೇಡ, ಅದರ ಅಳತೆಯನ್ನು ಕಳಿಸಿದರೆ?

ಚುಕ್ಕಿ ರಂಗೋಲಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಗರದ ಮನೆಯಂಗಳದ ರಂಗೋಲಿಯನ್ನು ಹಾಗೇ ಎತ್ತಿಕೊಂಡು ಬೆಂಗಳೂರಿಗೆ ಹೋಗಲು ಸಾಧ್ಯವಿಲ್ಲ. ಬಸ್ಸು ಹತ್ತುವ ಮೊದಲೇ ಅಳಿಸಿಹೋಗಿರುತ್ತದೆ. ಆದರೆ ಎಷ್ಟು ಚುಕ್ಕಿ, ಎಷ್ಟು ಸಾಲು, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಎಂದು ಚೀಟಿಯಲ್ಲಿ ಬರೆದು ಕಳಿಸಿದರೆ ಅಲ್ಲಿರುವ ಚಿಕ್ಕಮ್ಮ ಹೊಸದಾಗಿ ಬಿಡಿಸುತ್ತಾರೆ. ಚೀಟಿ ಸ್ವಲ್ಪ ಒದ್ದೆಯಾದರೂ 15 ಎಂದು ಓದಲು ಬಂದರೆ ಸಾಕು, ರಂಗೋಲಿ ಒಂದಿಷ್ಟೂ ಕೆಡುವುದಿಲ್ಲ. ದಾರಿಯಲ್ಲಿ ಯಾರಾದರೂ ಆ ಚೀಟಿಯನ್ನು ಹೊಸ ಕಾಗದಕ್ಕೆ ನಕಲು ಮಾಡಿಕೊಟ್ಟರಂತೂ ಇನ್ನೂ ಒಳ್ಳೆಯದು, ಹಳೆಯ ಕೊಳೆ ಅಲ್ಲೇ ಉಳಿಯುತ್ತದೆ.

ರೀವ್ಸ್ ಮಾಡಿದ್ದೂ ಅದನ್ನೇ. ಧ್ವನಿಯ ಮಟ್ಟವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುವುದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಗೆ ಹೊಂದಿಸುವುದು, ಆ ಸಂಖ್ಯೆಯನ್ನು ವಿದ್ಯುತ್ ಇದೆ ಅಥವಾ ಇಲ್ಲ ಎಂಬ ಎರಡೇ ಗುರುತಿನಲ್ಲಿ ಕಳಿಸುವುದು. ದಾರಿಯಲ್ಲಿರುವ ಯಂತ್ರ ಇದೆಯೋ ಇಲ್ಲವೋ ಎಂದಷ್ಟೇ ತೀರ್ಮಾನಿಸಿ ಹೊಸದಾಗಿ ಕಳಿಸುತ್ತದೆ. ಸದ್ದು ಸೇರುತ್ತಾ ಹೋಗುವುದು ಅಲ್ಲಿಗೆ ನಿಂತಿತು. ಇದಕ್ಕೆ ಪಲ್ಸ್ ಕೋಡ್ ಮಾಡ್ಯುಲೇಷನ್, ಚಿಕ್ಕದಾಗಿ ಪಿಸಿಎಂ ಎಂದು ಹೆಸರು. 1938ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಬ್ರಿಟನ್ನಿನದು ಆಮೇಲೆ, ಅಮೆರಿಕದ್ದು 1942ರಲ್ಲಿ ಸಿಕ್ಕಿತು.

ಇವರೇ ಮೊಟ್ಟಮೊದಲಿಗರೇ? ಪೂರ್ತಿ ಹಾಗೆನ್ನಲು ಬರುವುದಿಲ್ಲ. ಪಾಲ್ ರೇನಿ ಎಂಬ ಅಮೆರಿಕದ ಎಂಜಿನಿಯರ್ ಚಿತ್ರಗಳನ್ನು ತಂತಿಯಲ್ಲಿ ಕಳಿಸಲು ಇಂಥದೇ ವಿಧಾನಕ್ಕೆ 1926ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಮೂಲೆ ಸೇರಿತ್ತು, ರೀವ್ಸ್‌ಗೆ ಅದರ ಸುದ್ದಿ ಇರಲಿಲ್ಲ. ಮಾತಿಗೆ ಇದನ್ನು ಬಳಸಬಹುದು, ಸದ್ದಿನ ಕಾಟಕ್ಕೆ ಇದೇ ಮದ್ದು ಎಂದು ಕಂಡುಕೊಂಡವರು ರೀವ್ಸ್.

ಕಂಡುಕೊಂಡರು, ಆದರೆ ಮಾಡಿ ತೋರಿಸುವ ಸಾಮಾನು ಲೋಕದಲ್ಲಿ ಇರಲಿಲ್ಲ. ಆಗ ಇದ್ದದ್ದು ಗಾಜಿನ ವಾಲ್ವುಗಳು, ನಿಮ್ಮ ಅಜ್ಜನ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅವು. ಒಂದೊಂದು ಫೋನ್ ಮಾತಿಗೂ ಅಷ್ಟೊಂದು ವಾಲ್ವು ಹಚ್ಚಿದರೆ ಖರ್ಚು ಮತ್ತು ಶಾಖ ಯಾರಿಗೂ ತಡೆಯುವ ಹಾಗಿರಲಿಲ್ಲ. ಇದು ರೀವ್ಸ್‌ಗೂ ಗೊತ್ತಿತ್ತು. ಅಂಕಿಯ ವಿದ್ಯೆ ಕಾಗದದಲ್ಲೇ ಉಳಿಯಿತು.

ಅಷ್ಟರಲ್ಲಿ ಯುದ್ಧ ಬಂತು. 1940ರ ಜೂನಿನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿಗೆ ನುಗ್ಗಿದಾಗ ರೀವ್ಸ್ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಫ್ರಾಂಕ್ ಜೋನ್ಸ್ ಎಂಬವರ ಜೊತೆ ‘ಓಬೋ’ ಎಂಬ ರೇಡಿಯೋ ವ್ಯವಸ್ಥೆ ಕಟ್ಟಿದರು. ನೆಲದ ಮೇಲಿನ ಒಂದು ಕೇಂದ್ರದಿಂದ ಸರಿಯಾಗಿ ಇಷ್ಟೇ ದೂರ ಕಾಯ್ದುಕೊಂಡು ವಿಮಾನ ಕಮಾನಿನ ಹಾಗೆ ಹಾರಬೇಕು, ಎರಡನೇ ಕೇಂದ್ರ ಗುರಿ ಬಂತು ಎಂದು ಸೂಚನೆ ಕೊಡುತ್ತದೆ. ಕತ್ತಲಲ್ಲಿ, ಮೋಡದ ಮೇಲಿಂದ ಕೂಡ ಗುರಿ ಗೊತ್ತಾಗುತ್ತಿತ್ತು. 1942ರ ಡಿಸೆಂಬರಿನಲ್ಲಿ ಅದನ್ನು ಮೊದಲು ಯುದ್ಧದಲ್ಲಿ ಬಳಸಿದರು. ಒಂದು ಜೋಡಿ ಕೇಂದ್ರ ಒಂದು ಹೊತ್ತಿಗೆ ಒಂದೇ ವಿಮಾನ ನಡೆಸಬಹುದಾಗಿದ್ದರಿಂದ, ಮುಂದೆ ಹೋಗಿ ಗುರಿ ಗುರುತು ಹಾಕುವ ವಿಮಾನಗಳಿಗೆ ಅದು ಮೀಸಲಾಯಿತು.

ಇನ್ನೊಂದು ಕಡೆ, ರೀವ್ಸ್ ಕೈ ಇಲ್ಲದೆಯೇ, ಅಂಕಿಯ ಮಾತು ಯುದ್ಧಕ್ಕೆ ಇಳಿದಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯ ಕಟ್ಟಿದ ‘ಸಿಗ್‌ಸಲಿ’ ಎಂಬ ಗುಪ್ತ ಫೋನು 1943ರಿಂದ ವಾಷಿಂಗ್ಟನ್ ಮತ್ತು ಲಂಡನ್ ನಡುವೆ ಕೆಲಸ ಮಾಡಿತು. ಮಾತನ್ನು ಅಂಕಿ ಮಾಡಿ, ಅದಕ್ಕೆ ಗುಪ್ತ ಅಂಕಿ ಕೂಡಿಸಿ ಕಳಿಸುವ ಯಂತ್ರ. ಒಂದೊಂದು ತುದಿಯ ಯಂತ್ರದ ತೂಕ ಸುಮಾರು 50 ಟನ್! ಗುಪ್ತ ಅಂಕಿಗಳನ್ನು ಗ್ರಾಮೋಫೋನ್ ತಟ್ಟೆಯಲ್ಲಿ ಮುದ್ರಿಸಿ ಎರಡೂ ತುದಿಗೆ ಒಂದೊಂದು ಪ್ರತಿ ಒಯ್ಯುತ್ತಿದ್ದರು. ಎರಡೂ ತಟ್ಟೆ ಒಂದೇ ಕ್ಷಣಕ್ಕೆ ತಿರುಗದಿದ್ದರೆ ಕೇಳುವುದು ಬರೀ ಸದ್ದು. ಈ ಒಂದೇ ಕ್ಷಣದ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಟ್ರಾನ್ಸಿಸ್ಟರ್ ಬಂದದ್ದು 1947ರ ಕೊನೆಗೆ. ಅದು ಅಗ್ಗವಾಗಿ, ನಂಬಿಕೆಗೆ ಅರ್ಹವಾಗಿ, ಫೋನ್ ಕಂಪನಿಗಳ ಕೈಗೆ ಸಿಗಲು ಇನ್ನೂ ಹಲವು ವರ್ಷ ಹಿಡಿಯಿತು. ಒಂದೇ ಲೈನಿನಲ್ಲಿ 24 ಮಾತುಗಳನ್ನು ಪಿಸಿಎಂ ಮಾಡಿ ಸಾಗಿಸುವ ಟಿ1 ವ್ಯವಸ್ಥೆಯನ್ನು ಅಮೆರಿಕದಲ್ಲಿ 1962ರಲ್ಲಿ ಬಳಕೆಗೆ ತಂದರು. ಅಷ್ಟು ಹೊತ್ತಿಗೆ ರೀವ್ಸ್ ಪೇಟೆಂಟ್‌ಗಳ ಅವಧಿ ಮುಗಿದಿತ್ತು. ಬೇರೆಯವರು ಅದರಿಂದ ಕೋಟಿಗಟ್ಟಲೆ ದುಡಿಯಬಹುದಿತ್ತು, ಇವರಿಗೆ ರಾಯಲ್ಟಿ ಬರುವ ಹಾಗಿರಲಿಲ್ಲ. ಇದು ಯಾರೋ ಮಾಡಿದ ಮೋಸ ಅಲ್ಲ. ಯೋಚನೆ ಸಾಮಾನಿಗಿಂತ 25 ವರ್ಷ ಮುಂಚೆ ಹುಟ್ಟಿಬಿಟ್ಟಿತ್ತು ಅಷ್ಟೇ. ಆದರೂ ನಮಗೆ ಇದನ್ನು ಓದುವಾಗ ಹೊಟ್ಟೆ ಚುರ್ ಅನ್ನುತ್ತದೆ.

ಅವರು ಕೊರಗುತ್ತಾ ಕೂತಂತೆ ಕಾಣುವುದಿಲ್ಲ. ಯುದ್ಧದ ನಂತರ ಇಂಗ್ಲೆಂಡಿನ ಎಸ್‌ಟಿಎಲ್ ಪ್ರಯೋಗಾಲಯದಲ್ಲಿದ್ದು, ಮುಂದಿನ ಕಾಲದ ಮಾತು ಬೆಳಕಿನ ಮೂಲಕ ಹೋಗಬೇಕು ಎಂದು ಹಟ ಹಿಡಿದರು. ಅದೇ ಪ್ರಯೋಗಾಲಯದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ಶುದ್ಧ ಗಾಜಿನ ಎಳೆಯಲ್ಲಿ ಬೆಳಕನ್ನು ದೂರ ಸಾಗಿಸಬಹುದೆಂದು 1966ರಲ್ಲಿ ಲೆಕ್ಕ ತೋರಿಸಿದರು. ಕಾವೊಗೆ 2009ರಲ್ಲಿ ನೊಬೆಲ್ ಬಂತು. ಇವತ್ತು ರಸ್ತೆ ಪಕ್ಕ ಅಗೆದು ಹೂಳುವ ಫೈಬರ್ ಅದೇ. ರೀವ್ಸ್‌ಗೆ 1965ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಸಂಸ್ಥೆಯ ಪದಕ ಸಿಕ್ಕಿತು. 1969ರಲ್ಲಿ ಬ್ರಿಟಿಷ್ ಅಂಚೆ ಇಲಾಖೆ ಪಿಸಿಎಂ ಹೆಸರಿನಲ್ಲಿ ಒಂದು ಷಿಲಿಂಗಿನ ಅಂಚೆಚೀಟಿ ತಂದಿತು. 1971ರ ಅಕ್ಟೋಬರ್ 13ರಂದು ಅವರು ತೀರಿಕೊಂಡರು.

ಮರುವರ್ಷ, 1972ರಲ್ಲಿ, ಅಂಕಿಯ ಮಾತಿಗೆ ಜಗತ್ತಿನ ಫೋನ್ ಇಲಾಖೆಗಳು ಒಂದು ನಿಯಮ ಒಪ್ಪಿಕೊಂಡವು. ಹೆಸರು ಜಿ.711. ಸೆಕೆಂಡಿಗೆ 8,000 ಅಳತೆ, ಒಂದೊಂದಕ್ಕೆ 8 ಬಿಟ್, ಒಟ್ಟು ಸೆಕೆಂಡಿಗೆ 64,000 ಬಿಟ್. ಅಳತೆ ಎಲ್ಲ ಕಡೆ ಒಂದೇ ಮೆಟ್ಟಿಲಿನದಲ್ಲ. ಅಡಿಕೆಯನ್ನು ಮಂಡಿಯಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ ತೂಗುತ್ತಾರೆ, ಚಿನ್ನವನ್ನು ಮಿಲಿಗ್ರಾಮಿನಲ್ಲಿ. ಹಾಗೇ ಮೆಲ್ಲನೆ ಮಾತಿಗೆ ಸೂಕ್ಷ್ಮ ಮೆಟ್ಟಿಲು, ಜೋರು ಮಾತಿಗೆ ದೊಡ್ಡ ಮೆಟ್ಟಿಲು. ಇದರಲ್ಲೂ ಎರಡು ಪದ್ಧತಿ. ಭಾರತ ಮತ್ತು ಯುರೋಪಿನದು ಎ-ಲಾ, ಅಮೆರಿಕದ್ದು ಮ್ಯೂ-ಲಾ. ಎರಡೂ ದೇಶದ ನಡುವೆ ಮಾತಾಡುವಾಗ ಪರಿವರ್ತನೆಯ ಹೊಣೆ ಮ್ಯೂ-ಲಾ ದೇಶದ್ದು ಎಂದು ನಿಯಮದಲ್ಲೇ ಬರೆದಿದೆ! 8,000 ಅಳತೆಯಲ್ಲಿ ಸುಮಾರು 3,400 ಹರ್ಟ್ಸ್ ತನಕದ ಧ್ವನಿ ಮಾತ್ರ ದಾಟುತ್ತದೆ. ‘ಸ’ ಮತ್ತು ಇಂಗ್ಲಿಷ್ ಪದಗಳ ‘ಫ’ ಗುರುತು ಹಿಡಿಯಲು ಬೇಕಾದ ಸದ್ದಿನ ಬಹುಪಾಲು ಅದಕ್ಕಿಂತ ಮೇಲಿದೆ. ಫೋನಿನಲ್ಲಿ ಹೆಸರು ಹೇಳುವಾಗ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿದ್ದುದು ಇದಕ್ಕೇ.

ಈ ವಿದ್ಯೆ ನಮ್ಮ ಹಳ್ಳಿಗಳ ಹತ್ತಿರ ಬಂದ ಕಥೆಗೂ ಕರ್ನಾಟಕದ ನಂಟಿದೆ. ಕೇಂದ್ರ ಸರ್ಕಾರ 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಮುಖ್ಯ ವ್ಯಕ್ತಿ. ಹೊರದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕು, ಹಳ್ಳಿಗೆ ಅದು ಆಗದ ಮಾತು. ಎಸಿ ಇಲ್ಲದೆ, ಧೂಳು ಸೆಕೆ ತಡೆದು ನಿಲ್ಲುವ 128 ಪೋರ್ಟಿನ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜನ್ನು ಸಿ-ಡಾಟ್ ತಯಾರಿಸಿತು. 1986ರ ಜುಲೈನಲ್ಲಿ ಅಂಥ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಆಮೇಲೆ ಅವು ದೇಶದ ಸಾವಿರಾರು ಹಳ್ಳಿಗಳಿಗೆ ಹೋದವು. ಮನೆ ಮನೆ ದೂರ ದೂರ ಇರುವ, ಒಂದೂರಿಗೆ ಹತ್ತಿಪ್ಪತ್ತು ಫೋನು ಇದ್ದರೆ ಹೆಚ್ಚು ಎನ್ನುವ ಹೊಸನಗರದಂಥ ತಾಲ್ಲೂಕಿಗೆ ಇದು ಹೇಳಿ ಮಾಡಿಸಿದ ಅಳತೆ.

ಇಂಥ ಎಕ್ಸ್‌ಚೇಂಜಿನಲ್ಲಿ ಮನೆಯಿಂದ ಬಂದ ಲೈನಿನ ಮಾತನ್ನು ಅಂಕಿ ಮಾಡುವ, ಬಂದ ಅಂಕಿಯನ್ನು ಮಾತು ಮಾಡುವ ಚಿಪ್ಪೇ ಕೋಡೆಕ್. ಕೋಡರ್ ಮತ್ತು ಡಿಕೋಡರ್ ಸೇರಿಸಿ ಆದ ಹೆಸರು. ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಎಕ್ಸ್‌ಚೇಂಜ್ ಡಿಜಿಟಲ್ ಆದಮೇಲೂ ಮಳೆಗಾಲದಲ್ಲಿ ಲ್ಯಾಂಡ್‌ಲೈನ್ ಕರಕರ ಎನ್ನುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಹೌದು, ಏಕೆಂದರೆ ಎಕ್ಸ್‌ಚೇಂಜಿನಿಂದ ಮನೆ ತನಕದ ತಾಮ್ರದ ತಂತಿ ಹಳೆಯ ಪದ್ಧತಿಯದೇ. ಅಲ್ಲಿ ಸೇರಿದ ಸದ್ದನ್ನೂ ಕೋಡೆಕ್ ಪಾಪ ನಿಷ್ಠೆಯಿಂದ ಅಂಕಿ ಮಾಡಿ ಕಳಿಸುತ್ತದೆ.

ಈಗ ಆ ಕೋಡೆಕ್ ನಿಮ್ಮ ಜೇಬಿನಲ್ಲೇ ಇದೆ, ಅಂಕಿ ಆಗುವುದು ಬಾಯಿಯ ಹತ್ತಿರವೇ. ಚಿಪ್ಪಿಗೆ ಮೈಕು, ಸ್ಪೀಕರು, ಇಯರ್‌ಫೋನು ಎಲ್ಲ ಸೇರಿರುತ್ತವೆ. ಆದರೆ ಅದು ತಾನಾಗಿ ಏನೂ ಮಾಡದು. ಅದರೊಳಗೆ ರಿಜಿಸ್ಟರ್ ಎಂಬ ನೂರಾರು ಪುಟ್ಟ ಗೂಡುಗಳಿವೆ. ಯಾವ ಗೂಡಿನಲ್ಲಿ ಯಾವ ಸಂಖ್ಯೆ ಬರೆದರೆ ಮೈಕು ತೆರೆಯುತ್ತದೆ, ಸೆಕೆಂಡಿಗೆ ಎಷ್ಟು ಅಳತೆ, ಅಳತೆಗೆ ಎಷ್ಟು ಬಿಟ್ ಎಂಬುದು ಚಿಪ್ಪಿನ ಕೈಪಿಡಿಯಲ್ಲಿರುತ್ತದೆ. ಆ ಬರೆಯುವ ಕೆಲಸ ಮಾಡುವ ತಂತ್ರಾಂಶವೇ ಡ್ರೈವರ್. ಸಾಮಾನ್ಯವಾಗಿ ಆಜ್ಞೆಗಳು ಐ2ಸಿ ಎಂಬ ಒಂದು ದಾರಿಯಲ್ಲಿ, ಧ್ವನಿಯ ಅಂಕಿಗಳು ಐ2ಎಸ್‌ನಂಥ ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಆಂಡ್ರಾಯ್ಡ್ ಫೋನುಗಳ ಒಳಗಿರುವ ಲಿನಕ್ಸ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಕೋಡೆಕ್ ಚಿಪ್ಪಿನದು ಒಂದು ಡ್ರೈವರ್, ಪ್ರೊಸೆಸರ್ ಕಡೆಯದು ಇನ್ನೊಂದು, ಈ ಫೋನಿನ ಬೋರ್ಡಿನಲ್ಲಿ ಯಾವುದಕ್ಕೆ ಯಾವುದು ಜೋಡಿಸಿದೆ ಎಂದು ಹೇಳುವುದು ಮೂರನೆಯದು.

ಚಿಕ್ಕಮ್ಮನ ರಂಗೋಲಿಗೆ ಮರಳೋಣ. ಚೀಟಿಯಲ್ಲಿ 15 ಚುಕ್ಕಿ ಎಂದಿದೆ, ಆದರೆ ನೇರ ಚುಕ್ಕಿಯೋ ಸಂದು ಚುಕ್ಕಿಯೋ ಬರೆದಿಲ್ಲ. ಚಿಕ್ಕಮ್ಮ ತಪ್ಪು ಊಹಿಸಿದರೆ ಅಂಕಿ ಎಲ್ಲ ಸರಿಯಿದ್ದೂ ರಂಗೋಲಿ ಕೆಡುತ್ತದೆ. ಡ್ರೈವರ್ ಬರೆಯುವವರ ಹೆಚ್ಚಿನ ದಿನಗಳು ಇಂಥ ಒಪ್ಪಂದ ಸರಿ ಮಾಡುವುದರಲ್ಲೇ ಕಳೆಯುತ್ತವೆ. ಸೆಕೆಂಡಿಗೆ 44,100 ಅಳತೆಯಲ್ಲಿ ಮುದ್ರಿಸಿದ ಹಾಡನ್ನು ಚಿಪ್ಪು 48,000ದ ಗಡಿಯಾರದಲ್ಲಿ ಓಡಿಸಿದರೆ ಎಲ್ಲ ಸುಮಾರು 9 ಶೇಕಡಾ ವೇಗವಾಗುತ್ತದೆ, ಶ್ರುತಿಯೂ ಏರುತ್ತದೆ. ಯಕ್ಷಗಾನದವರ ಲೆಕ್ಕದಲ್ಲಿ ಹೇಳುವುದಾದರೆ, ಬಿಳಿ ಒಂದರಲ್ಲಿ ಹಾಡಿದ ಭಾಗವತರು ಕರಿ ಒಂದನ್ನು ದಾಟಿ ಬಿಳಿ ಎರಡರ ಅರ್ಧ ದಾರಿಗೆ ಬಂದುಬಿಡುತ್ತಾರೆ. ಎರಡೂ ಕಡೆಯ ಗಡಿಯಾರ ಒಂದು ಬಿಟ್ ಅತ್ತಿತ್ತ ಆದರೆ ಕರ್ಕಶ ಸದ್ದು, ಸಿಗ್‌ಸಲಿಯ ಗ್ರಾಮೋಫೋನ್ ತಟ್ಟೆಯ ಹಾಗೇ. ಹೆಡ್‌ಫೋನ್ ಸಿಕ್ಕಿಸಿದಾಗ ‘ಟಪ್’ ಎಂದು ಕಿವಿಗೆ ಹೊಡೆದರೆ, ಚಿಪ್ಪಿನ ಭಾಗಗಳಿಗೆ ವಿದ್ಯುತ್ತು ಕೊಡುವ ಕ್ರಮದಲ್ಲಿ ಅವಸರ ಆಗಿದೆ ಎಂದು ಅರ್ಥ. ಒಳ್ಳೆಯ ಡ್ರೈವರ್ ಅದನ್ನು ನಿಧಾನವಾಗಿ ಏರಿಸುತ್ತದೆ. ಬಳಸದ ಭಾಗವನ್ನು ಆರಿಸಿ ಬ್ಯಾಟರಿ ಉಳಿಸುವುದೂ ಅದರದೇ ಕೆಲಸ.

ಹಾಗಾದರೆ ಧ್ವನಿ ಕಟ್ ಕಟ್ ಆಗುವುದು? ಹಳೆಯ ಫೋನಿನಲ್ಲಿ ದಾರಿ ಕೆಟ್ಟಂತೆ ಧ್ವನಿ ಮೆಲ್ಲಗೆ ಮಸುಕಾಗುತ್ತಿತ್ತು. ಅಂಕಿಯಲ್ಲಿ ಹಾಗಿಲ್ಲ. ಅಂಕಿ ಓದಲು ಬರುವಷ್ಟು ಸಿಗ್ನಲ್ ಇರುವ ತನಕ ಮಾತು ಚೊಕ್ಕ, ಅದಕ್ಕಿಂತ ಇಳಿದರೆ ಪೂರ್ತಿ ನಾಪತ್ತೆ. ಮಾತನ್ನು ಸೆಕೆಂಡಿನ ಚಿಕ್ಕ ಚಿಕ್ಕ ತುಣುಕಾಗಿ ಕಳಿಸುವುದರಿಂದ, ಬಾರದೆ ಹೋದ ತುಣುಕಿನ ಜಾಗ ಖಾಲಿ ಬೀಳುತ್ತದೆ. ಗುಡ್ಡ ಹತ್ತಿ ನಿಂತರೆ ಸರಿಯಾಗುವುದು ಟವರು ಕಾಣುವುದರಿಂದ. ಅಂದರೆ ದೂರು ಟವರಿನ ಮೇಲೆ ಹೋಗಬೇಕು, ಡಿಜಿಟಲ್ ಪದ್ಧತಿಯ ಮೇಲಲ್ಲ.

ಅಂಟಿಸಿದ ನಕಲು ಎಂಬ ಮಾತೂ ಸರಿಯಲ್ಲ. ಡಿಜಿಟಲ್ ಧ್ವನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಿತ್ರ ನೀವು ನೋಡಿರಬಹುದು. ಸ್ಪೀಕರಿಗೆ ಹೋಗುವುದು ಆ ಮೆಟ್ಟಿಲು ಅಲ್ಲ. ಕೋಡೆಕ್ ಚಿಪ್ಪಿನ ಕೊನೆಯ ಹಂತದಲ್ಲಿ ಚುಕ್ಕಿಗಳ ನಡುವೆ ನಯವಾದ ಗೆರೆ ಮತ್ತೆ ಮೂಡುತ್ತದೆ. ಅತಿ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದಿದ್ದರೆ ಆ ಚುಕ್ಕಿಗಳ ಮೂಲಕ ಹಾದುಹೋಗಬಲ್ಲ ಗೆರೆ ಒಂದೇ ಒಂದು, ಅದೇ ಮೂಲ ಧ್ವನಿ. ಅಳತೆಯ ಮೆಟ್ಟಿಲಿನಿಂದ ಉಳಿಯುವ ವ್ಯತ್ಯಾಸ ಒಂದು ಸಣ್ಣ ಸದ್ದಾಗಿ ಉಳಿಯುತ್ತದೆ, ಬಿಟ್ ಹೆಚ್ಚಿಸಿದಷ್ಟೂ ಅದು ಕಡಿಮೆ. ನಿಜವಾಗಿ ಧ್ವನಿಯ ಕೆಲವು ಅಂಶ ಬಿಟ್ಟುಹೋಗುವುದು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಿನಂಥ ಕಡೆ. ಅಲ್ಲಿ ಓಪಸ್ ಎಂಬ ಪದ್ಧತಿ ಕಿವಿಗೆ ಅಷ್ಟಾಗಿ ಗೊತ್ತಾಗದ ಭಾಗ ಬಿಟ್ಟು ಫೈಲನ್ನು ಚಿಕ್ಕದು ಮಾಡುತ್ತದೆ. ಇದು ಚಿಪ್ಪು ಅಲ್ಲ, ತಂತ್ರಾಂಶ. ಹೆಸರು ಮಾತ್ರ ಅದಕ್ಕೂ ಕೋಡೆಕ್ ಎಂದೇ.

ರೀವ್ಸ್ ಬಗ್ಗೆ ಇನ್ನೊಂದು ಸಂಗತಿ ಇದೆ, ಫಾರ್ವರ್ಡ್ ಮಾಡುವವರಿಗೆ ಇಷ್ಟವಾಗುವಂಥದ್ದು. ಅವರಿಗೆ ಟೆಲಿಪತಿಯಲ್ಲೂ, ಸತ್ತವರೊಂದಿಗೆ ಸಂಪರ್ಕ ಸಾಧ್ಯ ಎಂಬುದರಲ್ಲೂ ನಂಬಿಕೆ ಇತ್ತು. ಇಷ್ಟು ದೊಡ್ಡ ವಿಜ್ಞಾನಿಯೇ ನಂಬಿದ್ದರು ಎಂದ ಮೇಲೆ ಅದು ನಿಜ ಎಂದು ಯಾರಾದರೂ ಕಳಿಸಿದರೆ ಹೀಗೆ ಉತ್ತರಿಸಬಹುದು. ಪಿಸಿಎಂ ನಿಂತಿದ್ದು ರೀವ್ಸ್ ದೊಡ್ಡವರು ಎಂಬ ಕಾರಣಕ್ಕಲ್ಲ. ಅವರ ಪೇಟೆಂಟ್ ನೋಡಿ ಅವರನ್ನು ಕಾಣದವರೂ ಯಂತ್ರ ಕಟ್ಟಿದರು, ಅದು ನ್ಯೂಯಾರ್ಕಿನಲ್ಲೂ ಕಿತ್ತೂರಿನಲ್ಲೂ ಒಂದೇ ರೀತಿ ನಡೆಯಿತು. ಆತ್ಮಗಳ ಮಾತಿನ ವಿಷಯದಲ್ಲಿ ಬೇರೆಯವರು ಮಾಡಿ ನೋಡಿ ಒಪ್ಪುವಂಥ ಯಾವುದೂ ಅವರಿಂದ ಬರಲಿಲ್ಲ. ಅಂಚೆಚೀಟಿಯ ಮೇಲೆ ಬಂದದ್ದು ಪಲ್ಸ್ ಕೋಡ್ ಮಾಡ್ಯುಲೇಷನ್ ಮಾತ್ರ.